ಡೋರ್ನಕಲ್ಲಿನ ಬಿಷಪ್ ಅಜರಿಯನವರ ಚರಿತ್ರೆಯೂ ನಮ್ಮ ಸಭೆಗಳೂ

ಧ್ಯಾನಕ್ಕೆ: ಕೊರಿಂಥದವರಿಗೆ ಬರೆದ ಮೊದಲನೆಯ ಪತ್ರಿಕೆ, ೯ನೆಯ ಅಧ್ಯಾಯ, ೧೬ನೆಯ ವಚನ



ಮೇಲೆ ಸೂಚಿಸಿದ ವಚನದಲ್ಲಿ ಅಪೊಸ್ತಲನಾದ ಪೌಲನು ತನ್ನ ಸೇವೆಯನ್ನು ಕುರಿತು ಮಾತಾಡುತ್ತಾನೆ. ಸುವಾರ್ತೆಯನ್ನು ಸಾರುವದರಲ್ಲಿ ತಾನು ಹೊಗಳಿಕೊಳ್ಳತಕ್ಕದ್ದು ಏನೂ ಇಲ್ಲವೆಂದೂ, ಅದು ತನ್ನ ಮೇಲೆ ಬಿದ್ದಿರುವ ಭಾರವೆಂದೂ, ಸಾರದೆ ಇದ್ದರೆ ತನಗೇ ಕೇಡೆಂದೂ ಆತನು ತಿಳಿಸುತ್ತಾನೆ. ಈ ಮಾತನ್ನು ಓದುವಾಗ, ಇದು ಅಪೊಸ್ತಲರಿಗೆ ಸೇರಿದ್ದು, ಹೆಚ್ಚೆಂದರೆ ಸಭಾಪಾಲಕರಿಗೂ ಉಪದೇಶಿಗಳಿಗೂ ಸೇರಿದ್ದು ಎಂದು ನಮ್ಮಲ್ಲಿ ಅನೇಕರು ಎಣಿಸಿ ಪುಟವನ್ನು ತಿರುವಿಬಿಡುವದುಂಟು.

ಆದರೆ ಇದೇ ಮಾತನ್ನು ಓದು ಬರಹವಿಲ್ಲದ ಹೊಲಗೂಲಿಗಳ ಬಾಯಲ್ಲಿ ಇಟ್ಟ ದೇವಭಕ್ತರೊಬ್ಬರು ನಮ್ಮ ನೆರೆಯ ತೆಲುಗು ನಾಡಿನಲ್ಲಿ ಇದ್ದರು. ಅವರು ಹಳ್ಳಿಗೆ ಬಂದಾಗ ದೀಕ್ಷಾಸ್ನಾನ ಹೊಂದಿದವರನ್ನು ಕರೆದು, ತಮ್ಮ ಕೈಯನ್ನು ತಮ್ಮ ತಲೆಯ ಮೇಲೆಯೇ ಇಟ್ಟುಕೊಳ್ಳುವಂತೆ ಹೇಳಿ, ತಾವು ಕ್ರಿಸ್ತನ ಹೆಸರಿನಲ್ಲಿ ಸ್ನಾನ ಹೊಂದಿದವರೆಂದೂ ಸುವಾರ್ತೆಯನ್ನು ಸಾರದಿದ್ದರೆ ತಮಗೆ ಕೇಡೆಂದೂ ಅವರಿಂದ ಹೇಳಿಸುತ್ತಿದ್ದರು. ಸಭಾಧ್ಯಕ್ಷರ ಕೈ ನಮ್ಮ ತಲೆಯ ಮೇಲೆ ಬಂದರೆ ಅದು ಆಶೀರ್ವಾದ. ನಮ್ಮ ಕೈ ನಮ್ಮ ತಲೆಯ ಮೇಲೆ ಬಂದರೆ ಅದು ಆಣೆ. ಆಶೀರ್ವಾದಕ್ಕೆ ತಲೆಯೊಡ್ಡುವದು ಎಲ್ಲರಿಗೂ ಇಷ್ಟ. ಆಣೆಯನ್ನು ಹೊರುವದು ಕಷ್ಟ. ಆ ಭಾರವನ್ನು ಬಡವರ ಮೇಲೆ ಧೈರ್ಯವಾಗಿ ಹೊರಿಸಿ, ತಾವೂ ಹೊತ್ತು ನಡೆದವರು ವೇದನಾಯಗಂ ಸಾಮ್ಯುಯೆಲ್ ಅಜರಿಯನವರು. ಇವರ ಚರಿತ್ರೆಯನ್ನು ನಮ್ಮ ಸಭೆಗಳ ಪ್ರಯೋಜನಕ್ಕಾಗಿ ಈ ತಿಂಗಳು ಧ್ಯಾನಿಸೋಣ.

ಬಿಷಪ್ ಎಂಬ ಶಬ್ದವನ್ನು ಕೆಲವರು ಕೇಳಿದ್ದರೂ ಅದರ ಅರ್ಥವನ್ನು ತಿಳಿದಿರಲಿಕ್ಕಿಲ್ಲ. ನಮ್ಮ ಸತ್ಯವೇದದಲ್ಲಿ ಸಭಾಧ್ಯಕ್ಷನೆಂದು ಕರೆಯಲ್ಪಟ್ಟವನೇ ಬಿಷಪ್. ಇಂಗ್ಲೆಂಡಿನ ಸಭೆಯಿಂದ ಹುಟ್ಟಿ ಅನೇಕ ದೇಶಗಳಲ್ಲಿ ಹಬ್ಬಿರುವ ಆಂಗ್ಲಿಕನ್ ಸಭೆಯಲ್ಲಿ, ಒಂದು ಸೀಮೆಯ ಎಲ್ಲಾ ಸಭೆಗಳನ್ನೂ ಮೇಲ್ವಿಚಾರಿಸಿ, ಸಭಾಪಾಲಕರಿಗೆ ಹಸ್ತಾರ್ಪಣೆ ಮಾಡಿ, ವಿಶ್ವಾಸಿಗಳನ್ನು ಸ್ಥಿರಪಡಿಸುವವನು ಇವನೇ. ಭಾರತದೇಶದಲ್ಲಿ ಈ ಸ್ಥಾನಕ್ಕೆ ಬಂದವರೆಲ್ಲರೂ ಬಹುಕಾಲದ ವರೆಗೆ ಯೂರೋಪಿಯನರೇ ಆಗಿದ್ದರು. ಭಾರತೀಯರಲ್ಲಿ ಮೊಟ್ಟಮೊದಲು ಆಂಗ್ಲಿಕನ್ ಬಿಷಪ್ಪರಾದವರು ಅಜರಿಯನವರು.

ಇವರು ೧೮೭೪ನೆಯ ಇಸವಿ ಆಗಸ್ಟ್ ೧೭ರಂದು ತಮಿಳು ನಾಡಿನ ತಿರುನೆಲ್ವೇಲಿ ಸೀಮೆಯ ವೆಳ್ಳಾಲನ್‌ವಿಳೈ ಎಂಬ ಸಣ್ಣ ಹಳ್ಳಿಯಲ್ಲಿ ಹುಟ್ಟಿದರು. ತಂದೆಯವರಾದ ತೋಮಸ್ ವೇದನಾಯಗಂ ಅವರು ಹಿಂದೂ ಮತದಿಂದ ಕ್ರಿಸ್ತನ ಬಳಿಗೆ ಬಂದು ಹಳ್ಳಿಯ ಸಭಾಪಾಲಕರಾದವರು. ಅವರ ಜನಾಂಗವು ನಾಡಾರ್ ಜನಾಂಗ. ತಾಳೆಯ ಮರಗಳನ್ನು ಹತ್ತಿ ಜೀವಿಸುವ ಕಸುಬಿನ ನಿಮಿತ್ತ ಮೇಲ್ಜಾತಿಯವರು ಆ ಜನಾಂಗವನ್ನು ತಮ್ಮ ದೇವಾಲಯಗಳೊಳಗೆ ಕಾಲಿಡಗೊಡಿಸದೆ ಇದ್ದರು. ಅಜರಿಯನವರು ಇನ್ನೂ ಚಿಕ್ಕ ಪ್ರಾಯದಲ್ಲಿರುವಾಗಲೇ ತಂದೆಯವರು ತೀರಿಹೋದರು. ತಾಯಿಯು ಕಟ್ಟುನಿಟ್ಟಿನ ಶಿಸ್ತಿನಲ್ಲಿಯೂ ಪ್ರಾರ್ಥನೆಯಲ್ಲಿಯೂ ಮಗನನ್ನು ಬೆಳೆಸಿದರು. ವಿಧವೆಯಾದ ತಾಯಿ, ಹಳ್ಳಿಯ ಮನೆ, ಕೀಳೆಂದು ಎಣಿಸಲ್ಪಟ್ಟ ಕುಲ: ಇವೇ ಅವರ ಆಸ್ತಿ. ನಮ್ಮಲ್ಲಿ ಅನೇಕರ ಆಸ್ತಿಯೂ ಇದಕ್ಕಿಂತ ಬೇರೆಯಲ್ಲ.

ಅವರು ಮದ್ರಾಸಿನ ಕ್ರೈಸ್ತ ಕಾಲೇಜಿನಲ್ಲಿ ವಿದ್ಯೆ ಕಲಿತರು. ಆದರೆ ಕಡೇ ಪರೀಕ್ಷೆಯ ವೇಳೆಗೆ ಕಾಯಿಲೆ ಬಿದ್ದದರಿಂದ ಬಿ. ಎ. ಪದವಿಯನ್ನು ಹೊಂದಲಾರದೆ ಹೋದರು. ಪದವಿಯಿಲ್ಲದ ಇದೇ ಯುವಕನಿಗೆ ೧೯೨೦ರಲ್ಲಿ ಇಂಗ್ಲೆಂಡಿನ ಕೇಂಬ್ರಿಜ್ ವಿಶ್ವವಿದ್ಯಾನಿಲಯವು ಗೌರವ ಡಾಕ್ಟರ್ ಪದವಿಯನ್ನು ಕೊಟ್ಟಿತು. ಪರೀಕ್ಷೆಯಲ್ಲಿ ತಪ್ಪಿದ ಮಕ್ಕಳನ್ನು ಮನೆಯಲ್ಲಿ ಹಳಿಯುವ ತಂದೆತಾಯಿಗಳು ಇದನ್ನು ಜ್ಞಾಪಕದಲ್ಲಿಡಲಿ. ೧೮೯೫ರಿಂದ ೧೯೦೯ರ ವರೆಗೆ ಅವರು ವೈ. ಎಂ. ಸಿ. ಎ. ಎಂಬ ಕ್ರೈಸ್ತ ಯುವಕರ ಸಂಘದ ಕಾರ್ಯದರ್ಶಿಯಾಗಿ ದಕ್ಷಿಣ ಸೀಮೆಗಳಲ್ಲೆಲ್ಲಾ ಸಂಚರಿಸಿದರು. ಅಲ್ಲಿ ಅಮೆರಿಕದವರಾದ ಷರ್ವುಡ್ ಎಡ್ಡಿ ಎಂಬವರು ಅವರಿಗೆ ಪ್ರಾಣಸ್ನೇಹಿತರಾದರು. ೧೮೯೮ರಲ್ಲಿ ಅನ್ಬು ಮರಿಯಮ್ಮಾಳ್ ಎಂಬ ವಿದ್ಯಾವತಿಯನ್ನು ವಿವಾಹವಾದರು. ದಕ್ಷಿಣ ಭಾರತದ ಕ್ರೈಸ್ತ ಸ್ತ್ರೀಯರಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದ ಮೊದಲಿಗರಲ್ಲಿ ಈಕೆ ಒಬ್ಬರು. ಮುಂದೆ ಗಂಡನ ಸೇವೆಯಲ್ಲಿ ಸಮಭಾಗಿಯಾಗಿ ಹಳ್ಳಿಯ ಹೆಂಗಸರಿಗೂ ಮಕ್ಕಳಿಗೂ ತಾಯಿಯಂತೆ ಇದ್ದರು.

ಇನ್ನು ಈ ಚರಿತ್ರೆಯಿಂದ ನಾವು ಕಲಿಯತಕ್ಕ ಮೂರು ಪಾಠಗಳನ್ನು ನೋಡೋಣ.

ಮೊದಲನೆಯ ಪಾಠವು ಕಳುಹಿಸುವದೂ ಹೋಗುವದೂ ನಮ್ಮದೇ ಕೆಲಸವೆಂಬದು. ೧೯೦೨ರಲ್ಲಿ ಅಜರಿಯನವರು ಸಿಂಹಳ ದ್ವೀಪದ ಯಾಳ್ಪಾಣಕ್ಕೆ ಹೋಗಿದ್ದಾಗ, ಅಲ್ಲಿನ ತಮಿಳು ಕ್ರೈಸ್ತರು ತಮ್ಮಲ್ಲಿಯೇ ಹಣ ಕೂಡಿಸಿ ತಮ್ಮವರನ್ನು ಸುವಾರ್ತಾಸೇವೆಗೆ ಸಮುದ್ರದಾಚೆಗೆ ಕಳುಹಿಸುತ್ತಿದ್ದಾರೆಂದು ತಿಳಿದರು. ಇದು ಅವರ ಮನಸ್ಸನ್ನು ಚುಚ್ಚಿತು. ತಿರುನೆಲ್ವೇಲಿಯಲ್ಲಿ ಅವರಿಗಿಂತ ದೊಡ್ಡ ಸಭೆಗಳಿದ್ದವು, ಹಳೆಯ ವಿಶ್ವಾಸಿಗಳಿದ್ದರು. ಆದರೆ ನೆರೆಯ ನಾಡಿಗೆ ಸುವಾರ್ತೆಯನ್ನು ಒಯ್ಯುವ ಯೋಚನೆ ಇರಲಿಲ್ಲ. ಅವರು ಹಿಂತಿರುಗಿ ಬಂದು ಇತರರನ್ನು ಕೂಡಿಸಿಕೊಂಡು ೧೯೦೩ರಲ್ಲಿ ತಿರುನೆಲ್ವೇಲಿಯ ಭಾರತೀಯ ಮಿಷನೆರಿ ಸಂಘವನ್ನು ಸ್ಥಾಪಿಸಿದರು. ೧೯೦೫ನೆಯ ಕ್ರಿಸ್ಮಸ್ ದಿವಸದಲ್ಲಿ ಬಂಗಾಳದ ಸೆರಾಂಪುರದಲ್ಲಿ ದೇಶದ ನಾನಾ ಕಡೆಗಳಿಂದ ಬಂದ ಭಾರತೀಯ ಕ್ರೈಸ್ತರೊಂದಿಗೆ ಸೇರಿ ರಾಷ್ಟ್ರೀಯ ಮಿಷನೆರಿ ಸಂಘವನ್ನು ಕಟ್ಟಿದರು. ಈ ಸಂಘಗಳ ನಿಯಮವೇನೆಂದರೆ, ಕೆಲಸ ಮಾಡುವವರು ಈ ದೇಶದವರಾಗಿರಬೇಕು, ಹಣವು ಈ ದೇಶದ ಕ್ರೈಸ್ತರಿಂದ ಬರಬೇಕು, ಆಡಳಿತವೂ ಅವರದೇ ಆಗಿರಬೇಕು.

ತಿರುನೆಲ್ವೇಲಿಯ ಸಂಘವು ಆರಿಸಿಕೊಂಡ ಹೊಲವು ನಿಜಾಮರ ರಾಜ್ಯದ ಡೋರ್ನಕಲ್ ಸೀಮೆ. ನಮ್ಮ ರಾಯಚೂರು, ಕಲಬುರಗಿ, ಬೀದರ ಸೀಮೆಗಳು ಆಗ ಇದೇ ರಾಜ್ಯಕ್ಕೆ ಸೇರಿದ್ದವು; ಡೋರ್ನಕಲ್ ಅದರ ಪೂರ್ವದಲ್ಲಿ, ಸಿಂಗರೇಣಿ ಕಲ್ಲಿದ್ದಲಿನ ಗಣಿಗಳಿಗೆ ಹೋಗುವ ರೈಲು ದಾರಿ ಕವಲೊಡೆಯುವ ಒಂದು ಸಣ್ಣ ಊರು. ಬೇರೆಯವರನ್ನು ಅಲ್ಲಿಗೆ ಹೋಗಿರೆಂದು ಪ್ರಸಂಗಿಸುತ್ತಿದ್ದ ಅಜರಿಯನವರು, ಕರೆಯು ತಮಗೂ ಬಂದಿದೆಯೆಂದು ಕಂಡು, ಪಟ್ಟಣದ ಉದ್ಯೋಗವನ್ನು ಬಿಟ್ಟು, ೧೯೦೯ರಲ್ಲಿ ಸಭಾಸೇವೆಗೆ ಹಸ್ತಾರ್ಪಣೆ ಹೊಂದಿ, ಹೆಂಡತಿ ಮಕ್ಕಳೊಂದಿಗೆ ಆ ಊರಿಗೆ ಹೋದರು. ಆಗ ಅವರಿಗೆ ಮೂವತ್ತೈದು ವರುಷ. ಆ ಪ್ರಾಯದಲ್ಲಿ ತೆಲುಗು ಭಾಷೆಯನ್ನು ಅಕ್ಷರಮಾಲೆಯಿಂದ ಕಲಿತು, ಎತ್ತಿನ ಗಾಡಿಯಲ್ಲಿ ಹಳ್ಳಿಯಿಂದ ಹಳ್ಳಿಗೆ ತಿರುಗಿದರು. ಮೂರು ಹೊಲದಾಚೆಯ ಊರಿಗೆ ಹೋಗಿ ಒಂದು ಸಾಕ್ಷಿ ಹೇಳಬೇಕಾದಾಗ ದಾರಿ ದೂರವೆನ್ನುವ ನಮಗೆ ಇದು ಸಾಕಾದ ಬುದ್ಧಿವಾದ.

ಎರಡನೆಯ ಪಾಠವು ಕ್ರಿಸ್ತನ ಮನೆಯಲ್ಲಿ ಮೇಲು ಕೀಳು ಇಲ್ಲವೆಂಬದು. ೧೯೧೦ರ ಜೂನ್ ತಿಂಗಳಲ್ಲಿ ಸ್ಕಾಟ್ಲೆಂಡಿನ ಎಡಿನ್‌ಬರೋ ಪಟ್ಟಣದಲ್ಲಿ ಲೋಕದ ಮಿಷನುಗಳ ದೊಡ್ಡ ಸಮ್ಮೇಳನ ಕೂಡಿತು. ಆ ಮಹಾಸಭೆಯಲ್ಲಿ ಬಿಳಿಯರೇ ತುಂಬಿದ್ದರು, ಏಷ್ಯದವರು ಬೆರಳೆಣಿಕೆಯವರು. ಅಜರಿಯನವರು ಎದ್ದು ನಿಂತು, ಮಿಷನೆರಿಗಳ ತ್ಯಾಗವನ್ನು ಕೃತಜ್ಞತೆಯಿಂದ ಒಪ್ಪಿಕೊಂಡು, ಅವರು ಬಡವರಿಗಾಗಿ ತಮ್ಮ ಸೊತ್ತನ್ನೂ ದೇಹವನ್ನೂ ಕೊಟ್ಟದ್ದನ್ನು ಮುಂದಿನ ಭಾರತದ ಸಭೆ ಮರೆಯಲಾರದು, ಆದರೆ ನಾವು ಪ್ರೀತಿಯನ್ನೂ ಬೇಡುತ್ತೇವೆ, ನಮಗೆ ಸ್ನೇಹಿತರನ್ನು ಕೊಡಿರಿ ಎಂಬರ್ಥದಲ್ಲಿ ಮಾತಾಡಿದರು. ಅಲ್ಲಿದ್ದ ಕೆಲವರಿಗೆ ಆ ಮಾತು ಕಹಿಯಾಯಿತು. ಅವರು ಅದನ್ನು ಹಗೆಯಿಂದ ಹೇಳಲಿಲ್ಲ. ಬಿಳಿಯರಾದ ಸ್ನೇಹಿತರ ನಿಜವಾದ ಪ್ರೀತಿಯನ್ನು ಕಂಡಿದ್ದದರಿಂದಲೇ, ದಾತನಿಗೂ ಯಾಚಕನಿಗೂ ಇರುವ ಸಂಬಂಧವು ಸುವಾರ್ತೆಗೆ ಸಾಲದೆಂದು ಹೇಳಬಲ್ಲವರಾಗಿದ್ದರು.

ಎರಡು ವರುಷಗಳ ತರುವಾಯ ಅವರನ್ನು ಬಿಷಪ್ಪರನ್ನಾಗಿ ಮಾಡಬೇಕೆಂಬ ಮಾತು ಬಂದಾಗ, ವಿರೋಧವು ಎರಡು ದಿಕ್ಕಿನಿಂದ ಎದ್ದಿತು. ಕರಿಯನ ಕೈಕೆಳಗೆ ಬಿಳಿಯನು ಹೇಗೆ ಇರುವನೆಂದು ಕೆಲವು ಯೂರೋಪಿಯನರು ಕೇಳಿದರು. ಇದನ್ನು ಕೇಳಿ ನಮಗೆ ಸಿಟ್ಟು ಬರುತ್ತದೆ. ಆದರೆ ನಾಡಾರನ ಮುಂದೆ ನಾವು ಹೇಗೆ ತಲೆಬಾಗುವೆವೆಂದು ಅವರ ಸ್ವಂತ ಸೀಮೆಯ ಮೇಲ್ಜಾತಿಯ ಕ್ರೈಸ್ತರಲ್ಲಿಯೂ ಕೆಲವರು ಗುಣುಗುಟ್ಟಿದರು. ಇದನ್ನು ಕೇಳಿ ನಮಗೆ ಏನು ಬರಬೇಕು? ನಾಚಿಕೆಯೇ ಬರಬೇಕು. ಬಿಳಿಯರ ಅಹಂಕಾರವು ಸಮುದ್ರ ದಾಟಿ ಬಂತು. ಜಾತಿಯ ಅಹಂಕಾರವು ನಮ್ಮ ಮನೆಯ ಒಲೆಯ ಬಳಿಯಲ್ಲಿಯೇ ಬೆಳೆಯಿತು. ಮದ್ರಾಸಿನ ಬಿಷಪ್ ಹೆನ್ರಿ ವೈಟ್‌ಹೆಡ್ ಅವರು ಧೃಡವಾಗಿ ಬೆಂಬಲಕ್ಕೆ ನಿಂತದರಿಂದ, ೧೯೧೨ರ ದಶಂಬರ ೨೯ರಂದು ಕಲ್ಕತ್ತೆಯ ಸೇಂಟ್ ಪೌಲ್ ಮಹಾದೇವಾಲಯದಲ್ಲಿ ಅಜರಿಯನವರು ಡೋರ್ನಕಲ್ಲಿನ ಬಿಷಪ್ಪರಾಗಿ ಪ್ರತಿಷ್ಠಿಸಲ್ಪಟ್ಟರು. ಆಗ ಅವರಿಗೆ ಮೂವತ್ತೆಂಟು ವರುಷ. ಮೊದಲು ಅವರ ವಶಕ್ಕೆ ಬಂದ ಸೀಮೆಯು ಚಿಕ್ಕದು. ೧೯೨೦ರಲ್ಲಿ ಕೃಷ್ಣಾ ಗೋದಾವರಿ ಪ್ರದೇಶದ ತೆಲುಗು ಸಭೆಗಳು ಕೂಡಿ ಅದು ವಿಸ್ತಾರವಾಯಿತು.

ಆ ಸಭೆಗಳಿಗೆ ಬಂದ ಜನರು ಬಹುಮಟ್ಟಿಗೆ ಮಾಲರೂ ಮಾದಿಗರೂ. ಊರ ಹೊರಗೆ ವಾಸಿಸುವ, ಊರ ಬಾವಿಯ ನೀರು ಮುಟ್ಟಲಾಗದ ಈ ಎರಡು ಜನಾಂಗಗಳಲ್ಲಿಯೂ ಒಬ್ಬರಿಗಿಂತ ಒಬ್ಬರು ಮೇಲೆಂಬ ಜಗಳವಿತ್ತು. ಸ್ನಾನ ಹೊಂದಿದ ಮೇಲೆಯೂ ಅದು ಸಾಯಲಿಲ್ಲ. ಅಜರಿಯನವರು ಜೀವಮಾನವೆಲ್ಲಾ ಅದರೊಂದಿಗೆ ಹೋರಾಡಿದರು. ಮೇಲಿನವರು ತುಳಿದರೆಂದು ಅಳುವವನೇ ಕೆಳಗಿನವನನ್ನು ತುಳಿಯುವದಾದರೆ ಕ್ರಿಸ್ತನ ಶಿಲುಬೆಯು ಅವನಿಗೆ ಏನು ಕಲಿಸಿತು?

ಪ್ರಿಯರೇ, ಈ ಮಾತು ತೆಲುಗು ನಾಡಿಗೇ ನಿಲ್ಲುವದೋ? ಉಪದೇಶಿಗಳಾದ ನಾವು ಹಳ್ಳಿಗಳಲ್ಲಿ ತಿರುಗುವಾಗ ಕಾಣುವದೇನಂದರೆ, ಕರ್ತನ ಭೋಜನದ ದಿನ ಈ ಕೇರಿಯವರು ಮುಂದೆ, ಆ ಕೇರಿಯವರು ಹಿಂದೆ. ಹೆಣ್ಣು ಕೊಡುವ ಮಾತು ಬಂದಾಗ ದೇವರ ಮಕ್ಕಳು ತಟ್ಟನೆ ತಮ್ಮ ಅಜ್ಜನ ಕುಲದ ಮಕ್ಕಳಾಗುವರು. ಒಂದೇ ರೊಟ್ಟಿಯಲ್ಲಿ ಪಾಲು ತಕ್ಕೊಂಡವರು ಮನೆಗೆ ಹೋಗಿ ಒಂದೇ ಪಂಕ್ತಿಯಲ್ಲಿ ಕೂತು ಮುದ್ದೆ ಉಣ್ಣಲಾರರೆಂದರೆ, ನಾವು ಮುಟ್ಟಿದ ಆ ರೊಟ್ಟಿಯೇ ನಮಗೆ ವಿರೋಧವಾಗಿ ಸಾಕ್ಷಿ ಹೇಳುವದು.

ಮೂರನೆಯ ಪಾಠವು ಬಡವನಿಗೂ ಕೊಡುವ ಹಕ್ಕು ಉಂಟೆಂಬದು. ಬಡವರಿಂದ ಏನು ಕೇಳುವದು ಎಂದು ಅನೇಕರು ಕರುಣೆಯಿಂದ ಹೇಳುತ್ತಿದ್ದ ಕಾಲವದು. ಅಜರಿಯನವರು ಅದನ್ನು ಕರುಣೆಯೆಂದು ಎಣಿಸಲಿಲ್ಲ. ಕೂಲಿಯವಳು ಅಡಿಗೆಗೆ ಧಾನ್ಯ ಅಳೆಯುವಾಗ ದೇವರಿಗೆಂದು ಒಂದು ಹಿಡಿ ತೆಗೆದಿಡಲಿ, ಬೆಳೆ ಬಂದಾಗ ಸುಗ್ಗಿಯ ಕಾಣಿಕೆ ತರಲಿ, ಇದರಿಂದ ತಮ್ಮ ಉಪದೇಶಿಯನ್ನೂ ಪ್ರಾರ್ಥನಾಮಂದಿರವನ್ನೂ ತಾವೇ ನೋಡಿಕೊಳ್ಳಲಿ ಎಂದು ಅವರು ಕಲಿಸಿದರು. ಕ್ರೈಸ್ತರ ದಾನಧರ್ಮವನ್ನು ಕುರಿತು ಒಂದು ಪುಸ್ತಕವನ್ನೇ ಬರೆದರು. ಬೇಡುವವನೆಂದು ಊರು ನೋಡುತ್ತಿದ್ದ ಮನುಷ್ಯನು ಕೈ ಚಾಚಿ ದೇವರಿಗೆ ಕೊಟ್ಟಾಗ ಅವನ ಬೆನ್ನು ನೆಟ್ಟಗಾಗುವದು. ಇದು ಹಣದ ಲೆಕ್ಕವಲ್ಲ, ಮಾನದ ಲೆಕ್ಕ.

ಕೊಡುವದರ ಸಂಗಡ ನಡತೆಯೂ ಬದಲಾಯಿತು. ಕುಡಿತವನ್ನೂ ಸತ್ತ ದನದ ಮಾಂಸವನ್ನೂ ಬಿಟ್ಟು, ಮನೆ ಕೇರಿಗಳನ್ನು ಚೊಕ್ಕಟವಾಗಿಟ್ಟು, ಮಕ್ಕಳನ್ನು ಶಾಲೆಗೆ ಕಳುಹಿಸಿ, ಸಾಯಂಕಾಲ ಭಜನೆ ಹಾಡುವ ಈ ಜನರನ್ನು ನೋಡಿ, ಅವರ ಯಜಮಾನರಾದ ಶೂದ್ರ ಜಾತಿಗಳವರಲ್ಲಿಯೂ ಅನೇಕರು ಇವರ ದೇವರಾರೆಂದು ವಿಚಾರಿಸಿ ಸಭೆಗೆ ಬಂದರು. ನೋಡಿರಿ, ತಲೆಯ ಮೇಲೆ ಕೈಯಿಟ್ಟು ಮಾಡಿದ ಆ ಆಣೆಯನ್ನು ಅವರು ಹೀಗೆ ತೀರಿಸಿದರು! ಪ್ರಸಂಗ ಮಾಡಬಲ್ಲ ನಾಲಗೆ ಅವರಲ್ಲಿ ಹೆಚ್ಚಿನವರಿಗೆ ಇರಲಿಲ್ಲ. ಅವರ ಬಾಳೇ ಪ್ರಸಂಗವಾಯಿತು. ಡೋರ್ನಕಲ್ ಸೀಮೆಯ ಸಭೆಗಳ ಜನಸಂಖ್ಯೆಯು ಅಜರಿಯನವರ ಕಾಲದಲ್ಲಿಯೇ ಎರಡು ಲಕ್ಷವನ್ನು ಮೀರಿತು.

ಅವರು ಕಟ್ಟಿಸಿದ ಡೋರ್ನಕಲ್ಲಿನ ಮಹಾದೇವಾಲಯವು ಅನೇಕ ವರುಷಗಳ ಕೆಲಸವಾದ ಮೇಲೆ ೧೯೩೯ರ ಜನವರಿ ೬ರಂದು ಪ್ರತಿಷ್ಠೆಯಾಯಿತು. ಅದು ಇಂಗ್ಲೆಂಡಿನ ಗುಡಿಯ ಪ್ರತಿಯಲ್ಲ. ಅದರ ಗುಮ್ಮಟಗಳು ಮಸೀದಿಯನ್ನೂ, ಕಂಬಗಳು ದಕ್ಷಿಣದೇಶದ ದೇವಾಲಯವನ್ನೂ ನೆನಪಿಗೆ ತರುವವು. ಎಲ್ಲದರ ಮೇಲೆ ಶಿಲುಬೆ ನಿಂತಿದೆ. ಕ್ರಿಸ್ತನನ್ನು ಹಿಂಬಾಲಿಸಲು ನಮ್ಮ ಭಾಷೆ, ನಮ್ಮ ರಾಗ, ನಮ್ಮ ಕಲ್ಲುಕೆಲಸ, ನಮ್ಮ ಉಡಿಗೆಗಳನ್ನು ತೊರೆಯಬೇಕಾಗಿಲ್ಲವೆಂಬದಕ್ಕೆ ಆ ಕಟ್ಟಡವೇ ಸಾಕ್ಷಿ. ದೇಶದ ವಿಷಯದಲ್ಲಿಯೂ ಅವರ ಮನಸ್ಸು ಹಾಗೆಯೇ. ೧೯೩೨ರಲ್ಲಿ ಕ್ರೈಸ್ತರಿಗೆ ಪ್ರತ್ಯೇಕ ಮತದಾನದ ಏರ್ಪಾಡು ಬಂದಾಗ, ಸಭೆಯು ಒಂದು ರಾಜಕೀಯ ಪಂಗಡವಾಗಿ ನೆರೆಯವರಿಂದ ಬೇರ್ಪಡಬಾರದೆಂದು ಅವರು ವಿರೋಧಿಸಿದರು. ಅದೇ ದಶಕದಲ್ಲಿ ಮತಾಂತರದ ವಿಷಯವಾಗಿ ಮಹಾತ್ಮಾ ಗಾಂಧಿಯವರೊಂದಿಗೆ ಅವರಿಗೆ ಭಿನ್ನಾಭಿಪ್ರಾಯವುಂಟಾಯಿತು. ಅತಿ ಬಡವನಿಗೂ ತನ್ನ ದೇವರನ್ನು ತಾನೇ ಆರಿಸಿಕೊಳ್ಳುವ ಮನಸ್ಸು ಉಂಟೆಂಬ ಮಾತನ್ನು ಅವರು ಬಿಟ್ಟುಕೊಡಲಿಲ್ಲ. ದೇಶವನ್ನು ಪ್ರೀತಿಸುವವನು ದೇಶದ ದೊಡ್ಡವರೆಲ್ಲರ ಮಾತಿಗೂ ಹೌದೆನ್ನಬೇಕಾಗಿಲ್ಲ.

ಕಡೆಯದಾಗಿ ಅವರು ಹೊತ್ತ ಇನ್ನೊಂದು ಭಾರವನ್ನು ಹೇಳಿ ಮುಗಿಸುತ್ತೇವೆ. ೧೯೧೯ರ ಮೇ ತಿಂಗಳಲ್ಲಿ ತರಂಗಂಬಾಡಿಯಲ್ಲಿ, ೧೭೦೬ರಲ್ಲಿ ಮೊದಲ ಪ್ರಾಟೆಸ್ಟೆಂಟ್ ಮಿಷನೆರಿಗಳು ಬಂದಿಳಿದ ಅದೇ ಕರಾವಳಿಯ ಊರಿನಲ್ಲಿ, ನಾನಾ ಸಭೆಗಳ ಸೇವಕರು ಕೂಡಿದರು. ಅವರಲ್ಲಿ ಬಹುತೇಕರು ಭಾರತೀಯರೇ. ಪಶ್ಚಿಮ ದೇಶಗಳ ಹಳೆಯ ಜಗಳಗಳಿಂದ ಹುಟ್ಟಿದ ಒಡಕುಗಳನ್ನು ನಾವೇಕೆ ಹೊರಬೇಕು, ನಾವು ಒಂದಾಗೋಣ ಎಂದು ಅವರು ಪ್ರಕಟಿಸಿದರು. ಅಜರಿಯನವರು ಆ ಕೂಟದ ಮುಂದಾಳುಗಳಲ್ಲಿ ಒಬ್ಬರು. ೧೯೨೭ರಲ್ಲಿ ಸ್ವಿಟ್ಜರ್ಲೆಂಡಿನ ಲೊಸಾನ್ ಪಟ್ಟಣದ ಸಮ್ಮೇಳನದಲ್ಲಿಯೂ, ಬೇರೆ ದೇಶಗಳಲ್ಲಿ ಸಭೆಗಳ ಭೇದವು ಬಲಹೀನತೆಯಾಗಿರಬಹುದು, ಕ್ರಿಸ್ತನನ್ನು ಅರಿಯದ ಜನರ ನಡುವೆ ಅದು ಪಾಪವೇ ಸರಿ ಎಂಬ ಅಭಿಪ್ರಾಯವನ್ನು ಮುಚ್ಚುಮರೆಯಿಲ್ಲದೆ ಹೇಳಿದರು. ಯೋಹಾನನ ಸುವಾರ್ತೆಯ ೧೭ನೆಯ ಅಧ್ಯಾಯದಲ್ಲಿ ನಮ್ಮ ಕರ್ತನು ಶಿಷ್ಯರೆಲ್ಲರೂ ಒಂದಾಗಿರಬೇಕೆಂದು ಮಾಡಿದ ಪ್ರಾರ್ಥನೆಯು ಅವರ ಎಲುಬುಗಳಲ್ಲಿ ಬೆಂಕಿಯಂತೆ ಇತ್ತು.

ಇಪ್ಪತ್ತೈದು ವರುಷ ಮಾತುಕತೆಗಳು ನಡೆದವು. ಅಜರಿಯನವರು ಕೊಯ್ಲನ್ನು ನೋಡಲಿಲ್ಲ. ೧೯೪೫ನೆಯ ಇಸವಿಯ ಮೊದಲನೆಯ ದಿನ, ಜನವರಿ ಒಂದರಂದು, ಅವರು ಡೋರ್ನಕಲ್ಲಿನಲ್ಲಿಯೇ ಕರ್ತನಲ್ಲಿ ನಿದ್ರೆಹೋದರು. ಮೂವತ್ತೆರಡು ವರುಷಗಳ ಕಾಲ ಅವರು ಅದೇ ಸೀಮೆಯ ಬಿಷಪ್ಪರಾಗಿದ್ದು, ದೊಡ್ಡ ಪಟ್ಟಣದ ಪೀಠವನ್ನು ಬಯಸದೆ ಹಳ್ಳಿಯವರ ನಡುವೆ ಮುಪ್ಪಾದರು. ೧೯೪೭ರ ಸೆಪ್ಟೆಂಬರ್ ೨೭ರಂದು ಮದ್ರಾಸಿನ ಸೇಂಟ್ ಜಾರ್ಜ್ ಮಹಾದೇವಾಲಯದಲ್ಲಿ ಆಂಗ್ಲಿಕನರೂ ಮೆಥಡಿಸ್ಟರೂ ದಕ್ಷಿಣ ಭಾರತದ ಐಕ್ಯ ಸಭೆಯವರೂ ಕೂಡಿ ದಕ್ಷಿಣ ಭಾರತ ಸಭೆಯಾದರು. ನಮ್ಮ ಮೈಸೂರು ಸೀಮೆಯ ಮೆಥಡಿಸ್ಟ್ ಸಭೆಗಳೂ ಅಂದು ಆ ಐಕ್ಯದೊಳಗೆ ಬಂದವು. ಬಿತ್ತಿದವನೊಬ್ಬನು, ಕೊಯ್ದವರು ಬೇರೆಯವರು. ಹೊಲದ ಯಜಮಾನನು ಒಬ್ಬನೇ.

ಹೀಗಿರಲಾಗಿ, ಪ್ರಿಯರೇ, ನಮ್ಮನ್ನು ನಾವೇ ಪರೀಕ್ಷಿಸಿಕೊಳ್ಳೋಣ. ನಮ್ಮ ಸಭೆಯ ಮಂದಿರದ ಹೆಂಚು ಒಡೆದರೆ, ಯಾರಾದರೂ ಬಂದು ಹೊದಿಸುವರೆಂದು ಕಾಯುತ್ತೇವೋ? ನಮ್ಮ ಊರಿನಲ್ಲಿ ನಮ್ಮ ನಡತೆಯನ್ನು ನೋಡಿ ಯಾವನಾದರೂ ನಮ್ಮ ದೇವರನ್ನು ವಿಚಾರಿಸಿದ್ದುಂಟೋ? ನಮ್ಮ ಪಕ್ಕದ ಕೇರಿಯ ವಿಶ್ವಾಸಿಯ ಮನೆಯಲ್ಲಿ ನಾವು ಒಂದು ತುತ್ತು ಉಂಡು ಎಷ್ಟು ದಿವಸವಾಯಿತು? ನಾವು ಬಡವರು, ನಾವು ಓದದವರು, ನಮ್ಮಿಂದೇನಾದೀತು ಎಂಬ ಉತ್ತರವನ್ನು ಡೋರ್ನಕಲ್ಲಿನ ಕೂಲಿಗಳು ನಮ್ಮ ಕೈಯಿಂದ ಕಸಕೊಂಡಿದ್ದಾರೆ. ಅವರು ನಮಗಿಂತ ಬಡವರಾಗಿದ್ದರು.

ಮಳೆ ತಪ್ಪಿದ ವರುಷದಲ್ಲಿ ನಮ್ಮ ಒಕ್ಕಲಿಗನು ತಲೆಯ ಮೇಲೆ ಕೈಹೊತ್ತು ಜಗಲಿಯಲ್ಲಿ ಕೂತುಕೊಳ್ಳುವನು. ಅದು ನಿರಾಶೆಯ ಗುರುತು. ವಿಶ್ವಾಸಿಯೂ ತಲೆಯ ಮೇಲೆ ಕೈಯಿಡುವನು. ಆದರೆ ಆಣೆಯಿಟ್ಟು ಎದ್ದು ಹೊರಡುವದಕ್ಕಾಗಿ. ಇವೆರಡರಲ್ಲಿ ನಮ್ಮ ಕೈ ಯಾವದಕ್ಕೆ ಮೇಲೆ ಹೋಗುವದೆಂದು ಪ್ರತಿಯೊಬ್ಬನೂ ಈ ಭಾನುವಾರ ದೇವರ ಮುಂದೆ ನಿರ್ಣಯಿಸಿಕೊಳ್ಳಲಿ.

ಪ್ರಾರ್ಥಿಸೋಣ. ಪರಲೋಕದ ತಂದೆಯೇ, ನಿನ್ನ ಸೇವಕರಾದ ಅಜರಿಯನವರನ್ನು ಹಳ್ಳಿಯ ಮನೆಯಿಂದ ಕರೆದು ಹಳ್ಳಿಗಳಿಗೆ ಕಳುಹಿಸಿದ್ದಕ್ಕಾಗಿ ನಿನಗೆ ಸ್ತೋತ್ರ. ಜಾತಿಯ ಗೋಡೆಯನ್ನು ಎತ್ತಿ ಹಿಡಿಯುವ ನಮ್ಮ ಕೈಗಳನ್ನು ಸಡಿಲಿಸು. ನಮ್ಮ ಮನೆಯ ಒಂದು ಹಿಡಿ ಧಾನ್ಯವನ್ನು ನಿನ್ನ ರಾಜ್ಯದ ಬೀಜವನ್ನಾಗಿ ಮಾಡು. ನಿನ್ನ ಸಭೆಯನ್ನು ಒಂದಾಗಿ ಮಾಡು. ನಮ್ಮ ಕರ್ತನಾದ ಯೇಸು ಕ್ರಿಸ್ತನ ಹೆಸರಿನಲ್ಲಿ ಬೇಡುತ್ತೇವೆ. ಆಮೆನ್.